ಹಗೇವಿನಲ್ಲಿ ಕುಳಿತಿದ್ದವರು

ಗದಗ,
೧೮ ನವೆಂಬರ್ ೧೯೫೬

ಪ್ರೀತಿಯ ಗದಿಗೆವ್ವಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಚಳಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ತಮ್ಮ ಡಾಕ್ಟರನಾದರೇನು, ಅವನಿಗೇನು ತಿಳಿಯುತ್ತದೆ ಎಂದು ಸುಮ್ಮನಿದ್ದೀಯೋ? ಚಿಕ್ಕಮ್ಮ ಸೌಖ್ಯವೇ? ಈ ತಿಂಗಳಿಂದ ನಾವು ಮೈಸೂರು ರಾಜ್ಯದವರಾದೆವು, ನೀವು ಮುಂಬೈ ರಾಜ್ಯದಲ್ಲೇ ಉಳಿದಿರಿ. ರೈಲು ಮಾತ್ರ ಅದೇ ಇದೆ.

ಅಕ್ಕಾ, ಮುಂದಿನದನ್ನು ಕುಳಿತುಕೊಂಡು ಓದು. ಲಕ್ಷ್ಮೇಶ್ವರದ ನಿಮ್ಮ ಹಿತ್ತಲಲ್ಲಿ ಕಾಳು ತುಂಬದೆ ಬಿಟ್ಟಿದ್ದ, ನೆಲದೊಳಗಿನ ಹಳೆಯ ಹಗೇವನ್ನು ನಿನ್ನ ಮೈದುನ ಕೊಟ್ರಪ್ಪ ಕಳೆದ ವಾರ ಅಗೆಸಿದ. ಆಳದಲ್ಲಿ ಮನುಷ್ಯನ ಎಲುಬುಗಳು ಸಿಕ್ಕವು. ಎಡಭುಜದ ಮುಂದಿನ ಎಲುಬು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನಿಮ್ಮ ಮದುವೆಯ ವರ್ಷ ಚಕ್ಕಡಿಯಿಂದ ಬಿದ್ದು ಅದನ್ನು ಮುರಿದುಕೊಂಡವರು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಚನ್ನಬಸವಣ್ಣ ಮಾವ ನಿನ್ನನ್ನು ಬಿಟ್ಟು ನಾಟಕ ಕಂಪನಿಯ ಹಿಂದೆ ಓಡಿಹೋದರೆಂದು ಊರು ಆಡಿಕೊಂಡಿತು. ಇಲ್ಲ, ಕೊಟ್ರಪ್ಪನೇ ಆಸ್ತಿಗಾಗಿ ಅಣ್ಣನನ್ನು ಕೊಂದ ಎಂದು ನೀನು ಆ ಮನೆ ಬಿಟ್ಟೆ. ಮಾವ ಎಲ್ಲಿಗೂ ಹೋಗಿರಲಿಲ್ಲ ಅಕ್ಕಾ. ಇದನ್ನು ಬರೆಯುವಾಗ ನನಗೆ ಅಳು ಬಂತು.

ಎಲುಬುಗಳು ಗೋಡೆಗೆ ಒರಗಿ ಕುಳಿತ ಹಾಗಿದ್ದವು. ತಲೆಬುರುಡೆಯಲ್ಲಿ ತೂತು. ನಮ್ಮವರು ಸತ್ತವರನ್ನು ಕೂರಿಸಿ ಮಣ್ಣು ಮಾಡುವವರಲ್ಲವೇ? ತಲೆಗೆ ಹೊಡೆದು ಕೊಂದವನು ಸಂಸ್ಕಾರವನ್ನಾದರೂ ತಪ್ಪಿಸಬಾರದೆಂದು ಕೂರಿಸಿ ಹುಗಿದಿದ್ದಾನೆ ಎಂದು ಓಣಿಯೆಲ್ಲ ತೀರ್ಮಾನ ಮಾಡಿತು. ಪೊಲೀಸರು ನಿನ್ನ ಹಳೆಯ ಮಾತನ್ನೂ ಬರೆದುಕೊಂಡು ಕೊಟ್ರಪ್ಪನನ್ನು ಶಿರಹಟ್ಟಿಗೆ ಒಯ್ದರು. ನನಗೂ ಅವನ ಮೇಲೆ ಸಿಟ್ಟಿತ್ತು. ಪೊಲೀಸರು ಕರೆಸಿದಾಗ, ಅವನ ಪೆಟ್ಟಿನ ಗುರುತು ಸಿಗಲಿ ಎಂದುಕೊಂಡೇ ಹಗೇವಿಗಿಳಿದು ಎಲುಬುಗಳ ಮುಂದೆ ಕುಳಿತೆ.

ನಾನು ಬಯಸಿದ್ದು ಅಲ್ಲಿ ಸಿಗಲಿಲ್ಲ. ಬುರುಡೆಯೆಲ್ಲ ಮಣ್ಣಿನಲ್ಲಿದ್ದು ಕಂದು ಬಣ್ಣವಾಗಿತ್ತು, ತೂತಿನ ಅಂಚು ಮಾತ್ರ ಬೆಳ್ಳಗಿತ್ತು. ಮಣ್ಣಿನ ಬಣ್ಣ ಹತ್ತುವಷ್ಟು ಹಳೆಯದಲ್ಲ ಆ ಪೆಟ್ಟು, ಮೊನ್ನೆ ಅಗೆದವರ ಗುದ್ದಲಿಯದು. ಪಕ್ಕೆಲುಬು, ಬೆನ್ನೆಲುಬುಗಳ ಮುರಿತವೇ ಬೇರೆ. ಹಸಿ ಜೋಳದ ದಂಟು ಮುರಿದ ಹಾಗೆ ಬಾಗಿ ಸೀಳಿದ್ದವು, ಅಂಚುಗಳೂ ಕಂದಾಗಿದ್ದವು. ಅವು ಜೀವ ಹೋಗುವ ಹೊತ್ತಿನವು, ಮೇಲಿನಿಂದ ಬಿದ್ದ ಭಾರಕ್ಕೆ ಆದವು. ಇನ್ನು, ಹೆಣವನ್ನು ಕೂರಿಸುವವರು ಚಕ್ಕಳಮಕ್ಕಳ ಹಾಕಿಸುತ್ತಾರೆ, ವಿಭೂತಿ ಗಟ್ಟಿ ಇಡುತ್ತಾರೆ. ಇಲ್ಲಿ ವಿಭೂತಿಯ ಸುಳಿವಿರಲಿಲ್ಲ. ಮಾವ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಗಳನ್ನು ತಲೆಯ ಮೇಲೆ ಹಿಡಿದಿದ್ದರು. ಒಳಗೆ ಇಳಿದಾಗ ಹಗೇವಿನ ಬಾಯಿ ಅವರ ಮೇಲೆ ಕುಸಿದಿದೆ. ನಾನು ನೆಂಟನಾದ್ದರಿಂದ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರರು ತಾವೇ ಎಲ್ಲವನ್ನೂ ಮತ್ತೆ ನೋಡಿ ಸಹಿ ಹಾಕಿದರು. ಕೊಟ್ರಪ್ಪನನ್ನು ಬಿಟ್ಟರು.

ಚಿಕ್ಕಮ್ಮನಿಗೆ ನನ್ನ ಶರಣು ತಿಳಿಸು. ನಿನಗೆ ದೇವರು ಧೈರ್ಯ ಕೊಡಲಿ.

ನಿನ್ನ ತಮ್ಮ,
ಅಂದಾನಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕೊಟ್ರಪ್ಪ ಮುಂಜಾನೆಯಿಂದ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ಎಲುಬುಗಳನ್ನು ಒಯ್ದು ಮಣ್ಣು ಮಾಡು ಎಂದರೆ ಒಲ್ಲೆ ಎನ್ನುತ್ತಾನೆ. “ಎಲುಬು ಹೇಳಿದ್ದು ಪೊಲೀಸರಿಗೆ ಸಾಕ್ರಿ. ನನಗ ಸಾಲಂಗಿಲ್ಲ. ಗದಿಗೆವ್ವ ವೈನಿ ಬಂದು ನನ್ನ ಮಾರಿ ನೋಡಿ ‘ನೀ ಅಲ್ಲ’ ಅನ್ನೂತನಕಾ ಅಣ್ಣಗ ಮಣ್ಣ ಕೊಡಂಗಿಲ್ಲ.” ಕಾಗದ ಮುಟ್ಟಿದ ದಿನದ ರೈಲಿಗೇ ಬಾ, ಅಕ್ಕಾ.