ಸೂರ್ಯನ ಮೇಲಿಲ್ಲದ ಕಲೆ

ಭಾನುವಾರ, ಮಧ್ಯಾಹ್ನ ಮೂರು ಗಂಟೆ
ಅಡುಗೆಮನೆಯ ಮೇಜು

ನನ್ನ ಚಿಕ್ಕೂ,

ನೀನು ಗಟ್ಟಿಮುಟ್ಟಾಗಿದ್ದೀಯ ಅಂತ ನಿನ್ನ ಕಾಗದದ ಬೈಗುಳದಿಂದಲೇ ತಿಳಿಯಿತು. ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್... ಮುಂದೆ ಏನೋ ಇತ್ತು, ಕಾಲೇಜಿನಲ್ಲಿ ಉರು ಹೊಡೆಸಿದ್ದರು, ಮರೆತಿದೆ. ಕನ್ನಡದಲ್ಲೇ ಹೇಳುತ್ತೇನೆ: ಕೊಡುವುದಿಲ್ಲ. ಟೆಲಿಸ್ಕೋಪನ್ನು ಕ್ಲಬ್ಬಿಗೆ ಕೊಡುವುದಿಲ್ಲ, ಗ್ರಂಥಾಲಯದ ಮುಂದಿನ ಫುಟ್‌ಪಾತನ್ನೂ ಬಿಡುವುದಿಲ್ಲ.

ಖಗೋಳ ಕ್ಲಬ್ಬಿನ ಕಾರ್ಯದರ್ಶಿ ನಿನಗೆ ಫೋನು ಮಾಡಿ, ನಿಮ್ಮ ತಂದೆ ಇನ್ನು ಕರಪತ್ರ ಹಂಚಿಕೊಂಡಿದ್ದರೆ ಸಾಕು ಅಂದನಂತೆ. ಹದಿನೆಂಟು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ಹೋಗುವವರು ಬರುವವರಿಗೆಲ್ಲ ಸೂರ್ಯನನ್ನು ತೋರಿಸಿದವನು ಕರಪತ್ರ ಹಂಚಬೇಕಂತೆ! ಅವನ ಟೀ ಶರ್ಟಿನ ಮೇಲೆ ರಾಕೆಟ್ಟಿದೆ, ತಲೆಯೊಳಗೆ ಇಂಧನವಿಲ್ಲ. ಹಾಗಂತ ಕೆಟ್ಟವನೇನಲ್ಲ. ಸಿನಿಮಾದಲ್ಲಿ ಗಗನನೌಕೆ ಢಂ ಅಂತ ಸಿಡಿದಾಗ, ಗಾಳಿಯೇ ಇಲ್ಲದ ಕಡೆ ಸದ್ದೆಲ್ಲಿಂದ ಬಂತು ಅಂತ ನನ್ನ ಜೊತೆ ಎದ್ದುನಿಂತು ಕೂಗಿದವನು ಅವನೊಬ್ಬನೇ. ನೀನು ಮಾತ್ರ ಮುಖ ಮುಚ್ಚಿಕೊಂಡು ಕೂತಿದ್ದೆ.

ಹೋದ ವಾರ ನಡೆದದ್ದು ಕೇಳು. ನಾನು ಕೊಳವೆಗೆ ಕಣ್ಣಿಟ್ಟು, ಸೂರ್ಯನ ನಟ್ಟನಡುವೆ ದೊಡ್ಡ ಕಪ್ಪು ಕಲೆ ಇದೆ ಬನ್ನಿ ಅಂತ ಜನರನ್ನು ಕರೆದೆ. ಬಂದವರಿಗೆ ಏನೂ ಕಾಣಲಿಲ್ಲ. ಕ್ಲಬ್ಬಿನಲ್ಲಿ ಕಾಲೇಜು ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ಧೂಮಕೇತು ಅನ್ನುತ್ತೇವೆ, ಬರುವುದು ಅಪರೂಪ, ಬಂದರೆ ಮಾರುದ್ದ ಜಡೆ. ಅವಳು ಬಂದು, ಅಂಕಲ್, ಇವತ್ತು ಸೂರ್ಯ ಫುಲ್ ಕ್ಲೀನ್, ಬೆಳಗ್ಗೆ ಉಪಗ್ರಹದ ಚಿತ್ರ ನೋಡಿದೆ ಅಂದಳು. ಉಪಗ್ರಹಕ್ಕೆ ನಿದ್ದೆ ಬಂದಿರಬೇಕು ಕಣಮ್ಮ ಅಂದೆ. ಜನ ನಕ್ಕರು. ಅವಳು ನಗಲಿಲ್ಲ. ಕೊಳವೆ ಒಂಚೂರು ತಳ್ಳಿ ಅಂಕಲ್, ಸೂರ್ಯ ಸರಿದರೆ ಕಲೆನೂ ಸರಿಯುತ್ತಾ ನೋಡಿ ಅಂದಳು.

ಗುರುವಿಗೇ ತಿರುಮಂತ್ರ! ಕಲೆ ಸೂರ್ಯನದೋ ಗಾಜಿನ ಧೂಳೋ ಎಂದು ತಿಳಿಯುವ ಈ ಪರೀಕ್ಷೆ ಕಲಿಸಿದ್ದೇ ನಾನು. ತಳ್ಳಿದೆ. ಸೂರ್ಯ ಸರಿದ, ಕಲೆ ಸರಿಯಲಿಲ್ಲ. ಕಣ್ಣಿಡುವ ಗಾಜನ್ನೇ ಬದಲಾಯಿಸಿದೆ. ಆಗಲೂ ಅಲ್ಲೇ. ನನಗೆ ಅರ್ಥವಾಯಿತು, ಚಿಕ್ಕೂ. ಅರ್ಥವಾದ ಮೇಲೇ ನಾನು ರೇಗಿದ್ದು. ನಿನ್ನೆ ಮೊನ್ನೆ ಬಂದವಳು ನನಗೆ ಸೂರ್ಯನನ್ನು ಪರಿಚಯ ಮಾಡಿಸ್ತೀಯಾ ಅಂದುಬಿಟ್ಟೆ. ಹಿಡಿದ ಮೊಲಕ್ಕೆ ಮೂರೇ ಕಾಲು. ಅದು ತಪ್ಪು.

ಮನೆಗೆ ಬಂದು ಎಡಗಣ್ಣು ಮುಚ್ಚಿ ಗೋಡೆ ನೋಡಿದೆ. ಕಲೆ ಗೋಡೆಯ ಮೇಲೂ ಇತ್ತು.

ಈ ಕಲೆ ಹುಟ್ಟಿದ್ದು ಆರು ವಾರದ ಹಿಂದೆ. ದೊಡ್ಡ ಕೊಳವೆಗೆ ಫಿಲ್ಟರ್ ಹಾಕಿದ್ದೆ. ಅದರ ಬೆನ್ನ ಮೇಲೆ ಗುರಿ ಹಿಡಿಯಲು ಒಂದು ಪುಟ್ಟ ಕೊಳವೆ ಇದೆಯಲ್ಲ, ಅದನ್ನು ಮುಚ್ಚಲು ಮರೆತು, ಅಭ್ಯಾಸಬಲದಿಂದ ಅದಕ್ಕೇ ಬಲಗಣ್ಣಿಟ್ಟೆ. ಒಂದೇ ಕ್ಷಣ. ಬರಿಗಣ್ಣಲ್ಲಿ ನೋಡಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವನು! ಆ ಪುಟ್ಟ ಕೊಳವೆಗೆ ನನ್ನ ಹಳೆ ಕಾಲುಚೀಲ ತೊಡಿಸಿ ಮುಚ್ಚುವುದು ನಿನ್ನ ಅಮ್ಮನ ಕೆಲಸವಾಗಿತ್ತು. ಪಾಪ, ಚಳಿಯಾಗುತ್ತೆ ಅದಕ್ಕೆ ಅನ್ನುತ್ತಿದ್ದಳು. ಆಮೇಲಿನ ಭಾನುವಾರಗಳಲ್ಲಿ ಸೂರ್ಯನ ಮೇಲೆ ನಿಜವಾದ ಕಲೆಗಳೇ ಇದ್ದವು, ನನ್ನದೂ ಅವುಗಳ ಜೊತೆ ಸೇರಿಕೊಂಡಿತ್ತು.

ಸಾಕು ಮಾಡಪ್ಪ ಅಂತ ನೀನು ಬರೆದಿದ್ದೀಯ. ಇವತ್ತು ಬೆಳಿಗ್ಗೆ ನಾನು ಟೆಲಿಸ್ಕೋಪ್ ಹೊತ್ತುಕೊಂಡು ಹೋದೆ. ಸರ್, ನಾವು ಮಾತಾಡಿದ್ವಲ್ಲ ಅಂತ ಕಾರ್ಯದರ್ಶಿ ಅಡ್ಡ ಬಂದ. ಮಾತಾಡಿದ್ದು ನೀನು, ಕೇಳಿಸಿಕೊಂಡಿದ್ದು ನನ್ನ ಮಗಳು, ಮಧ್ಯೆ ನಾನೆಲ್ಲಿ ಬಂದೆ ಅಂದೆ. ಧೂಮಕೇತುವಿನ ಹತ್ತಿರ ಹೋಗಿ ಎಲ್ಲರ ಮುಂದೆ ಕ್ಷಮೆ ಕೇಳಿದೆ, ಕಣ್ಣಿನ ವಿಷಯವನ್ನೂ ಹೇಳಿದೆ. ಇನ್ನು ಗುರಿ ಹಿಡಿಯೋದು, ಮುಚ್ಚಳ ನೋಡಿಕೊಳ್ಳೋದು ನಿನ್ನ ಪಾಲು, ಹೇಳೋದು ನನ್ನ ಪಾಲು ಅಂದೆ. ನೀವು ಸುಮ್ಮನಿರೋದಂತೂ ಆಗದ ಮಾತು ಬಿಡಿ ಅಂಕಲ್ ಅಂದಳು.

ಮೊದಲು ಬಂದವಳು ಬಟ್ಟೆ ಗಂಟು ಹಿಡಿದಿದ್ದ ದರ್ಜಿ. ಏನು ಕಾಣುತ್ತೆ ಅಂತ ನಾನೇ ಅವಳನ್ನು ಕೇಳಿದೆ. ಅಂಚಲ್ಲಿ ಸೂಜಿ ಚುಚ್ಚಿದ ಹಾಗೆ ಎರಡು ತೂತು ಅಂದಳು. ಅದಕ್ಕೆ ತೇಪೆ ಹಾಕಬೇಕಾದರೆ ಭೂಮಿಯಷ್ಟು ಬಟ್ಟೆ ಬೇಕಮ್ಮ ಅಂದೆ. ಅಳತೆ ತಗೊಂಡು ಬನ್ನಿ, ಹೊಲಿದುಕೊಡ್ತೀನಿ ಅಂದಳು! ಗ್ರಂಥಾಲಯದ ಒಳಗಿದ್ದವರೂ ನಗು ಕೇಳಿ ಆಚೆ ಬಂದರು. ಸಾಲು ಮೆಟ್ಟಿಲ ತನಕ ಬೆಳೆಯಿತು. ನಾನು ಒಂದು ಸಲವೂ ಕಣ್ಣಿಡಲಿಲ್ಲ, ಎರಡು ಗಂಟೆ ಬಾಯಿ ಮುಚ್ಚಲಿಲ್ಲ. ಕರಪತ್ರ ಕಾರ್ಯದರ್ಶಿಯೇ ಹಂಚಿದ.

ಮುಂದಿನ ಭಾನುವಾರವೂ ಹೋಗುತ್ತೇನೆ. ಎಡಗಣ್ಣೂ ಹೋದರೆ ಕೋಲು ಹಿಡಿದು ಹೋಗುತ್ತೇನೆ. ದಟ್ಸ್ ಆಲ್, ಯುವರ್ ಆನರ್.

ನಿನ್ನ ಮೊಂಡ
ಅಪ್ಪ

ಮರೆತ ಮಾತು: ಗುರುವಾರ ಹತ್ತೂವರೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಡ್ರಾಪ್ಸ್ ಹಾಕಿದ ಮೇಲೆ ರಸ್ತೆ ದಾಟಿಸಲು ಜೊತೆಗೊಬ್ಬರು ಇರಲೇಬೇಕಂತೆ. ಫಾರಮಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಭಯವೇನಿಲ್ಲ, ಸ್ವಲ್ಪ ಇದೆ. ಬಾ. ಆದರೆ ದಾರಿಯಲ್ಲಿ ಟೆಲಿಸ್ಕೋಪಿನ ಮಾತೆತ್ತಿದೆಯೋ, ನಾನೊಬ್ಬನೇ ದಾಟುತ್ತೇನೆ.