ಎರಡನೆಯ ಗಡಿಗೆ

ಕ್ರಿಸ್ತನಲ್ಲಿ ತಮ್ಮನಾದ ಕಾರ್ಪನಿಗೆ, ನದಿಯ ಈಚೆ ದಡದ ಪುಸ್ತಕದಂಗಡಿಯಿಂದ ವಿಬಿಯಸ್ ಬರೆಯುವುದು.

ನೀನು ಕ್ಷೇಮವಾಗಿದ್ದರೆ ಸಂತೋಷ, ನಾನೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ನಮ್ಮ ರೋಮಿನ ರೂಢಿ. ಈ ಪತ್ರದಲ್ಲಿ ಆ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಓದುವ ತಾಳ್ಮೆ ನಿನಗಿರಲಿ.

ಸಬ್ಬತಿಯನ್ನು ಮಣ್ಣು ಮಾಡಿಯಾಯಿತು. ನಾಡಿದ್ದು ಒಂಬತ್ತನೆಯ ದಿನ. ಸಭೆಯವರೆಲ್ಲ ಗೋರಿಯ ಬಳಿ ಕೂಡಿ ಉಣ್ಣುವುದೆಂದೂ ಸತ್ತವಳ ಪಾಲನ್ನು ಗೋರಿಯ ಬಾಯಿಗೆ ಸುರಿಯುವುದೆಂದೂ ನೀನು ಸಾರಿದ್ದೀಯಂತೆ. ಸಭೆಯ ದೊಡ್ಡ ಗಡಿಗೆಯನ್ನು ಗಾಡಿಯಲ್ಲಿ ಹೇರಿಸುವ ಏರ್ಪಾಡೂ ಆಗಿದೆಯಂತೆ. ಆ ಗಡಿಗೆಯಲ್ಲಿ ಏನು ಬೇಯುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಬದುಕಿರುವ ತನಕ ಯಾವುದನ್ನು ಬೇಡವೆಂದು ಒಣರೊಟ್ಟಿ ಕಡಿದಳೋ ಆ ಹಂದಿಯ ಸಾರನ್ನು ಅವಳ ಮೇಲೆ ಸುರಿಯಲು ಹೊರಟಿದ್ದೀಯ. ಬದುಕಿದ್ದಾಗ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಈಗ ಅವಳಿಗೆ ಅದೂ ಸಾಧ್ಯವಿಲ್ಲ.

ನೀನು ಕೆಟ್ಟವನಾಗಿದ್ದರೆ ನಾನು ಮಸಿ ಕಲಸುತ್ತಿರಲಿಲ್ಲ. ಹೆಣದ ತಲೆದೆಸೆಯಲ್ಲಿ ಕೂತು ಹೆತ್ತ ಮಗನಂತೆ ಅವ್ವಾ ಅವ್ವಾ ಎಂದು ನೀನು ಅತ್ತದ್ದು ನಾಟಕವಲ್ಲ ಎಂದು ನನಗೆ ಗೊತ್ತು. ನಾಡಿದ್ದು ಸುರಿಯುವಾಗಲೂ ಪ್ರೀತಿಯಿಂದಲೇ ಸುರಿಯುತ್ತೀಯ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಸಭೆಗೆ ಹೊಸಬರು ಎಷ್ಟೋ ಮಂದಿ ಬಂದಿದ್ದಾರೆ. ಅವರಿಗೆ ಸಬ್ಬತಿ ಎಂದರೆ ಮೂಲೆಯಲ್ಲಿ ಕೂತು ಬರಿ ರೊಟ್ಟಿ ತಿನ್ನುತ್ತಿದ್ದ ಹಟಮಾರಿ ಮುದುಕಿ. ನೀನು ಮರೆತಿರಬಹುದು, ನಾನು ಮರೆಯಲಾರೆ. ನದಿಯಾಚೆ ಆ ವಠಾರದ ಕೆಳಮನೆ ಅವಳದೇ ಆಗಿತ್ತು. ಗಂಡ ಯೋಸೆ ಬೀದಿ ಬೀದಿ ಅಲೆದು ಒಡೆದ ಗಾಜು ತೆಗೆದುಕೊಂಡು ಬದಲಿಗೆ ಬೆಂಕಿ ಹೊತ್ತಿಸುವ ಗಂಧಕದ ಕಡ್ಡಿ ಕೊಡುವ ವ್ಯಾಪಾರ ಮಾಡುತ್ತಿದ್ದ. ವಾರದ ಮೊದಲ ದಿನ ಸಂಜೆ ಸಭೆ ಕೂಡುತ್ತಿದ್ದದ್ದು ಅವರ ಒಲೆಯ ಮುಂದೆ. ಆಗ ಕ್ರಿಸ್ತನ ಹೆಸರು ಹೇಳುವವರೆಲ್ಲ ಹೆಚ್ಚುಕಡಿಮೆ ಅವರಂತೆ ಹಂದಿ ಮುಟ್ಟದ ಯೆಹೂದ್ಯರೇ. ನನ್ನಂಥ ಅನ್ಯಜನ ಮೂರೋ ನಾಲ್ಕೋ ಮಂದಿ ಬಾಗಿಲ ಹತ್ತಿರ ಮುದುರಿ ಕೂರುತ್ತಿದ್ದೆವು.

ನೀನು ಮೊದಲ ಸಲ ಬಂದದ್ದು ಹಂದಿ ಕಡಿಯುವ ಅಂಗಳದಿಂದ ನೇರವಾಗಿ. ಉಗುರಿನ ಸಂದಿಯಲ್ಲಿ ರಕ್ತ ಒಣಗಿತ್ತು. ನೀನು ಒಳಗೆ ಕಾಲಿಟ್ಟದ್ದೇ ಗಂಡಸರೆಲ್ಲ ತಮ್ಮ ಮೇಲುವಸ್ತ್ರದ ಅಂಚನ್ನು ಎಳೆದುಕೊಂಡರು. ಕುದಿಯುವ ಬೇಳೆಗೆ ಜೀರಿಗೆ ಉದುರಿಸುತ್ತಿದ್ದ ಸಬ್ಬತಿ ತಿರುಗಿ ನೋಡಿ, ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ಬಾರಪ್ಪ, ಕೂತ್ಕೋ. ವಾಸನೆ ಹಂದೀದು, ಹಸಿವು ನಿಂದೇ ಅಲ್ವಾ?" ಎಂದಳು.

ಅವಳ ಸೋದರಮಾವ ಅವತ್ತು ಅಲ್ಲೇ ಇದ್ದ. ಯೆಹೂದ್ಯರ ಸಭಾಮಂದಿರದ ಹಿರಿಯ. ಸೋದರಸೊಸೆ ಯಾರ್ಯಾರನ್ನು ಮನೆಗೆ ಸೇರಿಸುತ್ತಾಳೆಂದು ನೋಡಲೆಂದೇ ಬಂದಿದ್ದ. ಮೊದಲು ಸುನ್ನತಿಯಾಗಲಿ, ಆಮೇಲೆ ಪಂಕ್ತಿಯಲ್ಲಿ ಕೂರಲಿ ಎಂದ.

"ಹಸಿದು ಬಂದೋನಿಗೆ ಮೊದಲು ಚಾಕು ತೋರಿಸ್ತಾರಾ ಮಾವ?"

"ಇವತ್ತು ಇವನು ಬಂದ. ನಾಳೆ ಇವನ ಹಂದೀನೂ ಬರುತ್ತೆ."

"ಬರಲಿ ಬಿಡು. ಅವನ ಗಡಿಗೆ ಅವನಿಗೆ, ನನ್ನ ಗಡಿಗೆ ನನಗೆ. ರೊಟ್ಟಿ ಮಾತ್ರ ಒಂದೇ. ಅವನು ನನ್ನ ಥರಾನೇ ಆದ್ಮೇಲೆ ಪಕ್ಕಕ್ಕೆ ಕೂರಿಸ್ಕೊಂಡ್ರೆ, ನಾನು ನನ್ನ ಪಕ್ಕದಲ್ಲೇ ಕೂತ ಹಾಗಾಯ್ತು ಅಷ್ಟೇ."

ಮರುದಿನ ಕುಂಬಾರನ ಬಳಿ ಹೋಗಿ ಎರಡನೆಯ ಗಡಿಗೆಯೊಂದನ್ನು ತಂದಳು. ಅದು ನಿನಗಾಗಿ, ಕಾರ್ಪ. ಎರಡನೆಯ ಗಡಿಗೆ ಎಂಬುದು ಆ ಮನೆಗೆ ಬಂದದ್ದೇ ನಿನಗಾಗಿ. ಹಂದಿಯ ಹೆಸರೆತ್ತಿದರೆ ಮುಖ ಕಿವುಚುವ ಹೆಂಗಸು ತನ್ನ ಒಲೆಯ ಅರ್ಧವನ್ನು ಹಂದಿ ಕಡಿಯುವವನಿಗೆ ಬಿಟ್ಟುಕೊಟ್ಟಳು. ರೊಟ್ಟಿ ಮುರಿಯುವಾಗ ಎಲ್ಲರ ಕೈಯೂ ಒಂದೇ ಬುಟ್ಟಿಗೆ ಬರುತ್ತಿತ್ತು. ಕ್ರಿಸ್ತನಲ್ಲಿ ಎರಡು ಜನಾಂಗವಿಲ್ಲ, ಒಂದೇ ಎಂದು ದೀಕ್ಷಾಸ್ನಾನದ ಹೊತ್ತಿನಲ್ಲಿ ನಮಗೆ ಹೇಳಿಕೊಡುತ್ತಿದ್ದರಲ್ಲ, ಆ ಮಾತನ್ನು ನಾನು ನಂಬಿದ್ದು ಯಾರ ಉಪದೇಶ ಕೇಳಿಯೂ ಅಲ್ಲ, ಆ ಒಲೆಯನ್ನು ನೋಡಿ.

ಇದಕ್ಕೆ ಅವಳು ತೆತ್ತ ಬೆಲೆ ನಿನಗೆ ನೆನಪಿದೆಯೇ? ತಾಯಿ ಸತ್ತಾಗ ಆ ಸೋದರಮಾವನ ಮನೆಯವರು ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಅನ್ಯರ ಜೊತೆ ಉಣ್ಣುವವಳು ಎಂದರು. ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ಬೀದಿಯಲ್ಲೇ ನಿಂತು ಅತ್ತಳು. ಅವಳ ಕೈ ಹಿಡಿದು ಮನೆಗೆ ಕರೆತಂದವನು ನೀನೇ.

ಆಮೇಲೆ ಆ ಆಜ್ಞೆ ಬಂತು. ಯೆಹೂದ್ಯರು ತಮ್ಮತಮ್ಮಲ್ಲೇ ಗಲಾಟೆ ಮಾಡುತ್ತಾರೆ, ಊರು ಬಿಡಲಿ ಎಂದು ಚಕ್ರವರ್ತಿ ಬರೆಸಿದ. ನಾನು ಹುಟ್ಟಿನಿಂದ ಈ ಊರಿನ ಪೌರ. ನನ್ನ ಅಂಗಡಿಯಲ್ಲಿ ಈ ನಗರದ ನ್ಯಾಯನೀತಿಯನ್ನು ಹೊಗಳುವ ಸುರುಳಿಗಳು ಕಪಾಟು ತುಂಬ ಇವೆ. ಮುದುಕರು, ಬಾಣಂತಿಯರು ಗಂಟು ಹೊತ್ತು ಸೇತುವೆ ದಾಟುವಾಗ ಅವುಗಳಲ್ಲಿ ಒಂದು ಸಾಲೂ ಅವರ ಕೂಡ ಹೋಗಲಿಲ್ಲ. ಯೋಸೆ ತನ್ನ ಗಂಧಕದ ಕಡ್ಡಿಗಳ ತಟ್ಟೆಯನ್ನು ಕೊರಳಿಗೇ ಕಟ್ಟಿಕೊಂಡಿದ್ದ. ಸಬ್ಬತಿ ಮನೆಯ ಬೀಗದ ಕೈಯನ್ನು ನಿನ್ನ ಕೈಗಿಟ್ಟು ಹೇಳಿದ್ದು ನನಗೆ ಕೇಳಿಸಿತು. "ನನ್ನ ಗಡಿಗೆ ಮೊಳೆಗೆ ತೂಗುಹಾಕಿದೀನಿ. ಒಲೆ ಆರಿಸ್ಬೇಡ ಮಗಾ."

ನೀನು ಒಲೆ ಆರಿಸಲಿಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು. ಐದು ವರ್ಷದಲ್ಲಿ ಸಭೆ ಬೆಳೆಯಿತು, ನಡುಗೋಡೆ ಕೆಡವಿ ಕೋಣೆಯನ್ನು ಹಿಗ್ಗಿಸಿದೆ, ಹಡಗುಕಟ್ಟೆಯ ಕೂಲಿಗಳು, ಬಿಡುಗಡೆಯಾದ ದಾಸರು, ಸೂಲಗಿತ್ತಿಯರು ಎಲ್ಲರೂ ಬಂದರು. ಅಷ್ಟು ಜನಕ್ಕೆ ಒಂದು ಗಡಿಗೆ ಸಾಲದೆ ಯಾರೋ ಮೊಳೆಯಲ್ಲಿದ್ದದ್ದನ್ನೂ ಇಳಿಸಿಕೊಂಡರು. ಅದರಲ್ಲೂ ಹಂದಿಯೇ ಬೆಂದಿತು.

ಆ ಚಕ್ರವರ್ತಿ ಸತ್ತ, ಆಜ್ಞೆಯೂ ಸತ್ತಿತು. ಹೋದವರಲ್ಲಿ ಕೆಲವರು ಹಿಂತಿರುಗಿದರು. ಯೋಸೆ ಬರಲಿಲ್ಲ, ಪುತಿಯೋಲಿಯ ಬಂದರಿನಲ್ಲೇ ಮಣ್ಣಾದ. ಸಬ್ಬತಿ ಬಂದಳು, ಜೊತೆಗೆ ಯೋಸೆಯ ತಂಗಿ ದೊಮ್ನ, ಇನ್ನೂ ನಾಲ್ಕಾರು ಮಂದಿ. ಒಳಗೆ ಬಂದವಳೇ ತನ್ನ ಗಡಿಗೆಯೊಳಗೆ ಇಣುಕಿದಳು, ಮೂಸಿದಳು, ಇದ್ದಲ್ಲೇ ಇಟ್ಟಳು. ಮನೆ ತನ್ನದು ಎಂದೂ ಅನ್ನಲಿಲ್ಲ. ಅದು ಈಗ ಸಭೆಯ ಜಾಗ, ಇರಲಿ ಎಂದು ವಠಾರದ ತುತ್ತತುದಿಗೆ, ಹೆಂಚಿನಡಿಯ ಗೂಡಿಗೆ ಹೋದಳು. ಅಲ್ಲಿ ಬೆಂಕಿ ಹೊತ್ತಿಸಲು ಮಾಲೀಕ ಬಿಡುವುದಿಲ್ಲ. ಅದಕ್ಕೇ ಮತ್ತೊಂದು ಹೊಸ ಗಡಿಗೆ ತಂದು, ಕೆಳಗೆ ನಿಮ್ಮ ಒಲೆಯ ಒಂದು ಮೂಲೆಯಲ್ಲಿಟ್ಟು, ತನಗೂ ತನ್ನವರಿಗೂ ಚನ್ನಂಗಿ ಬೇಳೆ, ಸೊಪ್ಪು ಬೇಯಿಸತೊಡಗಿದಳು. ಈ ಸಲ ಎರಡನೆಯ ಗಡಿಗೆ ಅವಳದಾಗಿತ್ತು.

ನಿನ್ನ ಹೊಸಬರಿಗೆ ಅದೊಂದು ತಮಾಷೆ. ಸೊಪ್ಪಿನ ದಂಡು ಬಂತು, ಕತ್ತೆಗೂ ಒಂದು ಹಿಡಿ ಉಳಿಸ್ರಪ್ಪ ಎನ್ನುತ್ತಿದ್ದರು. ನೀನು ನಗಲಿಲ್ಲ, ತಡೆಯಲೂ ಇಲ್ಲ. ಒಂದು ಸಂಜೆ ಎದ್ದು ನಿಂತು ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆ ಎಂದರೆ ಇವತ್ತಿಗೂ ಅದು ನನಗೆ ಬಾಯಿಪಾಠ.

"ಕ್ರಿಸ್ತ ಗೋಡೆ ಕೆಡವಿದ. ನಾವು ಒಲೆ ಮೇಲೆ ಮತ್ತೆ ಗೋಡೆ ಕಟ್ತಾ ಇದೀವಿ. ಒಂದೇ ಮೈ ಅಂದ್ಮೇಲೆ ಎರಡು ಹೊಟ್ಟೆ ಯಾಕೆ? ಇವತ್ತಿಂದ ಒಂದೇ ಗಡಿಗೆ."

ಎಲ್ಲರೂ ಆಮೆನ್ ಎಂದರು. ಆ ಮಾತೂ ಅವಳ ಜನರದೇ. ನಾನು ಎದ್ದು, ಹಾಗಿದ್ದರೆ ಆ ಒಂದೇ ಗಡಿಗೆಯಲ್ಲಿ ಬೇಳೆಯೇ ಬೇಯಲಿ, ಅದನ್ನು ಎಲ್ಲರೂ ತಿನ್ನಬಹುದಲ್ಲ ಎಂದು ಕೇಳಿದೆ. "ವಿಬಿಯಸಣ್ಣ, ನಿನಗೆ ಹಳೇದೆಲ್ಲ ಚಂದ" ಎಂದೆ ನೀನು. ಎಲ್ಲರೂ ನಕ್ಕರು. ಸಬ್ಬತಿಯೂ ನಕ್ಕಳು, ನನ್ನ ಮಾನ ಉಳಿಸಲು. ಆಮೇಲೆ ಎದ್ದು ತನ್ನ ಗಡಿಗೆಯನ್ನು ಒಲೆಯಿಂದ ಇಳಿಸಿದಳು. ಬೇಳೆ ಇನ್ನೂ ಬೆಂದಿರಲಿಲ್ಲ.

ಚಕ್ರವರ್ತಿ ಅವರನ್ನು ನೀವು ಬೇರೆ ಎಂದು ಹೊರಗೆ ಹಾಕಿದ. ನೀನು ನಾವೆಲ್ಲ ಒಂದೇ ಎಂದು ಹೊರಗೆ ಹಾಕಿದೆ. ಅವನ ಆಜ್ಞೆಯನ್ನು ಇನ್ನೊಬ್ಬ ಚಕ್ರವರ್ತಿ ಬಂದು ಅಳಿಸಬಹುದಿತ್ತು. ನಿನ್ನದನ್ನು ಯಾರು ಅಳಿಸಬೇಕು?

ಉಳಿದವರು ಒಬ್ಬೊಬ್ಬರಾಗಿ ಎದ್ದುಹೋದರು. ಸಭಾಮಂದಿರದ ಬಾಗಿಲು ತಟ್ಟಿದರೆ ಅಲ್ಲಿ, ಅನ್ಯರ ಎಂಜಲುಂಡವರು, ದೂರ ಇರಿ ಎಂಬ ಉತ್ತರ. ನಿನ್ನ ಜೊತೆ ಉಂಡ ತಪ್ಪಿಗೆ ಅವರಿಗೆ ಅಲ್ಲಿ ಊಟವಿಲ್ಲ, ನಿನ್ನ ಹಾಗೆ ಉಣ್ಣದ ತಪ್ಪಿಗೆ ಇಲ್ಲಿ ಊಟವಿಲ್ಲ. ದೊಮ್ನ ಸಭೆಗೆ ಬರುವುದನ್ನೇ ಬಿಟ್ಟು ವಠಾರದ ಮೆಟ್ಟಿಲ ಮೇಲೆ ಕೂರತೊಡಗಿದಳು. ಸಬ್ಬತಿ ಒಬ್ಬಳೇ ವಾರವಾರವೂ ಬಂದಳು. ರೊಟ್ಟಿ ಮುರಿದಾಗ ತನ್ನ ತುಂಡು ತೆಗೆದುಕೊಳ್ಳುವಳು. ಗಡಿಗೆ ಅವಳ ಮುಂದೆ ಬಂದಾಗ ತಟ್ಟೆಯ ಮೇಲೆ ಅಂಗೈ ಇಡುವಳು. ವಿಧವೆಯರಿಗೆಂದು ಸಭೆ ದಿನಾ ಕೊಡುವ ಪಾಲೂ ಅದೇ ಗಡಿಗೆಯದು. ಹಾಗಾಗಿ ದಿನವೂ ಅಂಗೈ, ದಿನವೂ ಒಣರೊಟ್ಟಿ.

ನಾನು ಮನೆಯಲ್ಲಿ ಬೇಳೆ ಬೇಯಿಸಿ ಮುಚ್ಚಿಕೊಂಡು ಆ ಎತ್ತರಕ್ಕೆ ಹತ್ತಿ ಹೋಗುತ್ತಿದ್ದೆ. ಅದನ್ನು ದೊಮ್ನಳಿಗೆ ಕೊಟ್ಟುಬಿಡುತ್ತಿದ್ದಳು. "ಮನೆಗೆ ತಂದ್ಕೊಟ್ರೆ ಭಿಕ್ಷೆ ವಿಬಿಯಸ್, ಪಂಕ್ತೀಲಿ ಬಡಿಸಿದ್ರೆ ಊಟ. ನನಗೆ ಊಟ ಬೇಕು" ಎಂದಳು. ಅಂಥ ಜಾಗಕ್ಕೆ ಯಾಕೆ ಹೋಗುತ್ತೀಯಕ್ಕ ಎಂದು ಒಮ್ಮೆ ಸಿಟ್ಟಿನಿಂದ ಕೇಳಿದೆ. ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿದಳು. "ನಾನೂ ಎದ್ದು ಬಂದ್ರೆ ಅಲ್ಲಿ ನಮ್ಮೋರು ಅಂತ ಒಬ್ರೂ ಇರಲ್ಲ. ಆಮೇಲೆ ನಮ್ಮ ಕಾರ್ಪ ಒಂದಾಗೋದು ಯಾರ ಜೊತೆ?"

ಇದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಬರೆದು ಕಳಿಸು.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲದಿರಬಹುದು. ಅವಳ ಆ ಹೊಸ ಗಡಿಗೆ ಹೆಚ್ಚಾಯಿತೆಂದು ನಿನ್ನವರಲ್ಲಿ ಯಾರೋ ಅದನ್ನು ಬಟ್ಟೆ ಮಡಿಮಾಡುವವರಿಗೆ ಕೊಟ್ಟರು. ಬಟ್ಟೆಯ ಕೊಳೆ ತೆಗೆಯಲು ಬೇಕಾದ ದಾರಿಹೋಕರ ಉಚ್ಚೆ ತುಂಬಿಸಿಕೊಳ್ಳಲು ಬೀದಿಮೂಲೆಯಲ್ಲಿ ಅವರು ಇಡುವ ಪಾತ್ರೆಗಳ ಸಾಲಿಗೆ ಅದೂ ಸೇರಿತು. ಸಬ್ಬತಿ ನೀರಿಗೆ ಹೋಗುವ ದಾರಿಯೂ ಅದೇ. ಒಂದು ಬೆಳಿಗ್ಗೆ ನನ್ನ ತೋಳು ಹಿಡಿದು ನಿಲ್ಲಿಸಿ ತೋರಿಸಿದಳು. "ನೋಡು, ನಮ್ಮ ಕಾರ್ಪ ಹೇಳಿದ್ದು ಕೊನೆಗೂ ಆಯ್ತು. ಈಗ ನನ್ನ ಗಡಿಗೇಲಿ ಯೆಹೂದ್ಯ, ಅನ್ಯ ಅಂತ ಭೇದ ಇಲ್ಲ." ನಗುತ್ತಲೇ ಹೇಳಿದಳು, ಆದರೆ ನನ್ನ ತೋಳು ಬಿಡಲು ಬಹಳ ಹೊತ್ತು ಹಿಡಿಯಿತು.

ಚಳಿಗಾಲಕ್ಕೆ ಜ್ವರ ಬಂತು. ಜ್ವರದಿಂದಲೇ ಸತ್ತಳೆಂದು ನೀನು ಸಭೆಯಲ್ಲಿ ಹೇಳಿದ್ದೀಯ. ಅವಳ ತೋಳು ಆಗ ಗಂಧಕದ ಕಡ್ಡಿಯಷ್ಟಿತ್ತು. ಜ್ವರಕ್ಕೆ ಅಲ್ಲಿ ಕೆಲಸ ಬಹಳವೇನೂ ಉಳಿದಿರಲಿಲ್ಲ.

ಈಗ ನಿನಗೆ ತಿಳಿಯಬೇಕಾದ ಮಾತು. ನಿನ್ನೆ ಸಂಜೆ ಗೋರಿಯ ಹತ್ತಿರ ಹೋಗಿದ್ದೆ. ಸುರಿಯಲು ಅನುಕೂಲವಾಗಲೆಂದು ನೀನು ಮಣ್ಣಿನಲ್ಲಿ ನೆಡಿಸಿದ ಹೂಜಿಯ ಕೊರಳು ಮೇಲಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ಹೊಳೆಯ ದಡದಿಂದ ಜೇಡಿಮಣ್ಣು ತಂದು, ಕಲಸಿ, ಆ ಬಾಯಿಯನ್ನು ಮೆತ್ತಿ ಮುಚ್ಚಿದ್ದೇನೆ. ನನ್ನ ಹೆಬ್ಬೆರಳ ಗುರುತು ಅದರ ಮೇಲಿದೆ. ಯಾರು ಮಾಡಿದ್ದೆಂದು ನೀನು ಸಭೆಯಲ್ಲಿ ವಿಚಾರಿಸಬೇಕಾಗಿಲ್ಲ. ಅವಳು ತಟ್ಟೆಯ ಮೇಲೆ ಇಡುತ್ತಿದ್ದ ಅಂಗೈ ಅದು ಎಂದುಕೋ. ಒಡೆಯಬೇಡ.

ಬಾ, ಆದರೆ ಗಾಡಿ ಬೇಡ, ಗಡಿಗೆ ಬೇಡ. ಒಂದು ರೊಟ್ಟಿ ತಂದರೆ ಸಾಕು. ಅವಳು ಕೊನೆಯವರೆಗೂ ನಿನ್ನ ಕೈಯಿಂದ ಬೇಡವೆನ್ನದೆ ತೆಗೆದುಕೊಂಡದ್ದು ಅದೊಂದನ್ನೇ. ಹೊರಡುವಾಗ ವಠಾರದ ಮೆಟ್ಟಿಲ ಮೇಲೆ ದೊಮ್ನ ಕೂತಿರುತ್ತಾಳೆ. ಅವಳೂ ಈಗ ಒಣರೊಟ್ಟಿಯ ಮೇಲೇ ಇದ್ದಾಳೆ, ಅವಳ ಗೂಡಿನಲ್ಲೂ ಬೆಂಕಿಯಿಲ್ಲ. ಸತ್ತವಳಿಗೆ ನೀನು ಏನನ್ನೂ ಬಡಿಸಲಾರೆ, ಕಾರ್ಪ. ಈ ಪತ್ರ ತಂದವನ ಕೈಯಲ್ಲಿ ಒಂದು ಹೊಸ ಗಡಿಗೆ ಕಳಿಸಿದ್ದೇನೆ, ಅದರಲ್ಲಿ ಇನ್ನೂ ಏನೂ ಬೆಂದಿಲ್ಲ. ಅದನ್ನು ಒಲೆಯ ಮೇಲೆ ಇಡುತ್ತೀಯೋ ಬೀದಿಮೂಲೆಗೆ ಕಳಿಸುತ್ತೀಯೋ, ದೊಮ್ನ ಅಲ್ಲಿಂದಲೇ ನೋಡುತ್ತಿರುತ್ತಾಳೆ.

ಮೊದಲು ಬರೆಯದೆ ಉಳಿಸಿಕೊಂಡ ಸಾಲನ್ನು ಈಗ ಬರೆಯುತ್ತೇನೆ. ನೀನು ಕ್ಷೇಮವಾಗಿರು. ನಿನ್ನ ಒಲೆ ಆರದಿರಲಿ, ಅದರ ಮೇಲೆ ಎರಡು ಗಡಿಗೆಗೆ ಜಾಗವಿರಲಿ.

ಅವಳ ಪಂಕ್ತಿಯಲ್ಲಿ ನಿನ್ನ ಪಕ್ಕ ಕೂತು ಉಂಡ,
ವಿಬಿಯಸ್