ನಕಲಿ ಚಿತ್ರಗಳ ಮನೆಗೆ ಬನ್ನಿ

ಆಲ್‌ಶೇರ್ ದ್ವೀಪ
ಜುಲೈ ೧೪, ೧೯೯೬

ಪ್ರೀತಿಯ ಸಿಗ್ವಾರ್ಡ್,

ನಿನ್ನ ಬೆನ್ನುನೋವು ಹೇಗಿದೆ? ಜೈಲಿನ ಹಾಸಿಗೆ ತೆಳುವೆಂದು ಬರೆದಿದ್ದೆ. ಕಂಬಳಿ ಮಡಚಿ ಸೊಂಟದ ಕೆಳಗಿಟ್ಟುಕೊಂಡು ಮಲಗು. ಅಲ್ಲಿ ಬಣ್ಣ, ಕುಂಚ ಕೊಡುವುದಿಲ್ಲವೆಂದು ಕೊರಗಬೇಡ, ಆ ಕೈ ಸ್ವಲ್ಪ ಕಾಲ ಸುಮ್ಮನಿದ್ದರೆ ಒಳ್ಳೆಯದೇ. ನಾನು ಗಟ್ಟಿಯಾಗಿದ್ದೇನೆ. ಸ್ಟ್ರಾಬೆರಿ ಈ ಸಲ ಹಕ್ಕಿಗಳು ತಿಂದೂ ಮಿಕ್ಕಿದೆ.

ರಕ್ಷಣಾ ದೋಣಿಯ ನಿಧಿಗಾಗಿ, ಟಿಕೆಟ್ ಕೊಂಡವರಿಗೆ ದ್ವೀಪದ ಮನೆಗಳನ್ನು ತೆರೆದು ತೋರಿಸುವ ದಿನ ನಿನ್ನೆ ನಡೆಯಿತು. ನಮ್ಮ ಮನೆಯನ್ನು ಪಟ್ಟಿಯಿಂದ ಕೈಬಿಡಬೇಕೆಂದು ಸಮಿತಿ ಮೊದಲೇ ತೀರ್ಮಾನಿಸಿತ್ತು. ಅಧ್ಯಕ್ಷ ಫೋಲ್ಕೆ ಹೆಡ್ವಾಲ್ ಹೋದ ವಾರ ಅಂಗಳದಲ್ಲೇ ನಿಂತು, ಟೋಪಿ ತಿರುವುತ್ತ, "ಗುನ್ವೋರ್, ಈ ವರ್ಷ ನೀನು ಆರಾಮಾಗಿರು. ಜನ ಏನೇನೋ ಆಡ್ಕೋತಾರೆ" ಎಂದ. "ಆಡ್ಕೊಳ್ಳಲಿ ಬಿಡು, ನನ್ನ ಕಿವಿ ಗಟ್ಟಿ" ಎಂದೆ. "ಅಲ್ಲಮ್ಮಾ, ನಿನ್ನ ಗೋಡೆ ಮೇಲಿರೋದೆಲ್ಲ ನಕಲಿ. ಟಿಕೆಟ್ ತಗೊಂಡು ಬಂದೋರಿಗೆ ಏನಂತ ತೋರಿಸ್ತೀಯ?" "ನಕಲಿ ಅಂತಲೇ ತೋರಿಸ್ತೀನಿ!" ಅವನು ಟೋಪಿ ತಲೆಗಿಟ್ಟುಕೊಂಡು ಹೊರಟುಬಿಟ್ಟ. ಹತ್ತಿರದ ಬಂಡೆಗೆ ಸಿಕ್ಕಿದ ದೋಣಿಯವರನ್ನು ಕಾಪಾಡಲು ಹೋಗುವವರು ಯಾರ ಮನೆಯ ಹಣ ಎಂದು ಕೇಳುತ್ತಾರೆಯೇ, ಹೇಳು. ಅವತ್ತೇ ಹಲಗೆಗೆ ಬಿಳಿ ಬಣ್ಣ ಬಳಿದು ದೊಡ್ಡಕ್ಷರದಲ್ಲಿ ಬರೆದೆ: "ಇಲ್ಲಿರುವ ಚಿತ್ರಗಳೆಲ್ಲ ನಕಲಿ. ಬರೆದವನು ನನ್ನ ಗಂಡ, ಈಗ ಜೈಲಿನಲ್ಲಿದ್ದಾನೆ. ಒಳಗೆ ಬನ್ನಿ." ಪಕ್ಕದ ಮನೆಯ ರಗ್ನಾ ಅದನ್ನು ಓದಿ, "ಹುಚ್ಚು ಹಿಡೀತೇನೇ ನಿನಗೆ? ಸೋಮವಾರದ ಹೊತ್ತಿಗೆ ದ್ವೀಪಕ್ಕೆ ದ್ವೀಪವೇ ನಗುತ್ತೆ" ಎಂದು ಬೈದಳು. ನಿನ್ನೆ ಬೈಯುತ್ತಲೇ ಏಲಕ್ಕಿ ಬನ್ನು ಬೇಯಿಸಿ ತಂದು, ಏಪ್ರನ್ ಕಟ್ಟಿ ಕಾಫಿಗೆ ನಿಂತಳು. ಅವಳ ಬೈಗುಳ ನಿನಗೆ ಗೊತ್ತೇ ಇದೆ.

ಬೆಳಿಗ್ಗೆ ಸ್ಟಾಕ್‌ಹೋಮ್ ದೋಣಿಯಿಂದ ಇಳಿದವರು ಹಲಗೆ ಓದಿ, ನಕ್ಕು, ಮುಂದೆ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ, ಒಳಗೆ ಹೋಗಿ ಕೂರಲಿಲ್ಲ. ಆಮೇಲೆ ಒಬ್ಬರು, ಇಬ್ಬರು, ಮಧ್ಯಾಹ್ನಕ್ಕೆ ಗೇಟಿನವರೆಗೂ ಸಾಲು. ಪ್ರತಿಯೊಂದು ಚಿತ್ರದ ಮುಂದೂ ಇದು ಯಾರ ಹೆಸರಿನಲ್ಲಿ ಬರೆದದ್ದು, ನೀನು ಯಾರಿಗೆ ಮಾರಲು ಹೊರಟಿದ್ದೆ ಎಂದು ತಲೆ ತಗ್ಗಿಸದೆ ಹೇಳಿದೆ. ಆ ಸಾಲಿನಲ್ಲಿ ಆಸ್ತಾ ಎಂಬ ಹೆಂಗಸು ಬಂದಳು. ನಿನ್ನ ನೆನಪಿಗೆ ಬರಲಾರಳು, ನೀನು ಮಾರಿದ್ದು ದಲ್ಲಾಳಿಗೆ ತಾನೇ. ಬೆಳಗಿನ ಹಿಮದ ಚಿತ್ರದ ಮುಂದೆ ತುಂಬ ಹೊತ್ತು ನಿಂತು, "ಇಂಥದ್ದೇ ಒಂದು ನನ್ನ ಹತ್ತಿರ ಇತ್ತು. ಅಮ್ಮ ಬಿಟ್ಟುಹೋದ ಮನೆ ಮಾರಿ ತಗೊಂಡಿದ್ದೆ. ಚೆಂದ ಇದೆ ಕಣ್ರೀ, ಅದೇ ನನ್ನ ಹೊಟ್ಟೆ ಉರಿಸೋದು" ಎಂದಳು. ಅವಳನ್ನು ಅಡುಗೆಮನೆಗೆ ಕರೆದೊಯ್ದು ಕಾಫಿ ಕೊಟ್ಟೆ. ಕುಡಿದಳು. ನಿನ್ನ ಬಗ್ಗೆ ಒಂದೂ ಕೇಳಲಿಲ್ಲ, ಹೋಗುವಾಗ ಮಾತ್ರ ನನ್ನ ಕೈ ಒತ್ತಿದಳು. ನೀನಿಲ್ಲಿ ಇರಬೇಕಿತ್ತು, ಸಿಗ್ವಾರ್ಡ್. ಅವಳ ಎದುರು ನಿಲ್ಲಬೇಕಾದವನು ನೀನು.

ನಮ್ಮ ಬಾಗಿಲನ್ನು ಒಂದು ಗಂಟೆ ಮೊದಲೇ ಹಾಕಿ, ಹಸಿರು ಲಂಗ ತೊಟ್ಟು, ಟಿಕೆಟ್ ಕೊಂಡು, ಹೆಡ್ವಾಲನ ಮನೆ ನೋಡಲು ನಾನೂ ಹೋದೆ. ಅವನ ಹೆಂಡತಿ ಬಾಗಿಲಲ್ಲಿದ್ದಳು. ಟಿಕೆಟ್ ಅವಳ ಕೈಗಿತ್ತು ಒಳಗೆ ನಡೆದೆ.

ರಗ್ನಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ, ಜೊತೆಗೆ ಒಂದು ಬೈಗುಳ. ಅದನ್ನು ಇಲ್ಲಿ ಬರೆಯಲಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಅಂಗಳದಲ್ಲಿ ಬಿಡುವಾಗಲೆಲ್ಲ ನಡೆದಾಡು.

ನಿನ್ನವಳೇ,
ಗುನ್ವೋರ್

ಮರೆತ ಮಾತು: ಅಂಚೆದೋಣಿ ಕೂಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಹೆಡ್ವಾಲನ ಊಟದ ಕೋಣೆಯಲ್ಲೊಂದು ಕಡಲಿನ ಚಿತ್ರವಿದೆ. ಕೆಳಗೆ ನೂರು ವರ್ಷದ ಹಿಂದೆ ಸತ್ತವನ ಸಹಿ. ಚಿತ್ರದಲ್ಲಿ ನಮ್ಮ ದಂಡೆ, ಅದರ ಮುಂದೆ ನನ್ನ ಅಪ್ಪ ಕೈಯಾರೆ ಕಟ್ಟಿದ ಕಲ್ಲುಕಟ್ಟೆ. ಆ ಸತ್ತವನು ಅದನ್ನು ಹೇಗೆ ಕಂಡಾನು? ಪೊಲೀಸರಿಗೆ ಎಲ್ಲವನ್ನೂ ಹೇಳಿದ್ದೇನೆಂದು ನೀನು ನನಗೆ ಆಣೆಯಿಟ್ಟಿದ್ದೆ. ಅಷ್ಟು ಜನರ ಮುಂದೆ ಅವನ ಮಾನ ಕಳೆಯಬಹುದಿತ್ತು, ತಡೆದುಕೊಂಡೆ. ಅದನ್ನು ಹೇಳಬೇಕಾದವನು ನೀನು. ಈ ಬೇಸಿಗೆ ಮುಗಿಯುವುದರೊಳಗೆ ಅವನಿಗೆ ಕಾಗದ ಬರೆ, ಇಲ್ಲವೆಂದರೆ ನಾನೇ ಹೋಗಿ ಅವನ ಬಾಗಿಲು ತಟ್ಟುತ್ತೇನೆ. ಬರೆದ ಮೇಲೆ ಮನೆಗೆ ಬಾ. ಅದಕ್ಕೆ ಮೊದಲು ಬರಬೇಡ.